ತವರದ ಪೇಟೆ ಚ್ಯಾಗ್‌ಫರ್ಡ್

ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಡಾರ್ಟ್‌ಮೂರ್ ಎಂಬ ಗ್ರಾನೈಟ್ ಶಿಲೆಯ ಎತ್ತರದ ಬೀಳುನೆಲವಿದೆ. ಅದರ ಅಂಚಿನಲ್ಲಿರುವ ಚ್ಯಾಗ್‌ಫರ್ಡ್ ಚಿಕ್ಕದೊಂದು ಸಂತೆಯೂರು. ಬೀಳುನೆಲವನ್ನು ನಿಷ್ಪ್ರಯೋಜಕವೆಂದು ಹಳಿಯುವವರು ಈ ಊರಿನ ಚರಿತ್ರೆಯನ್ನು ಅವಲೋಕಿಸಬೇಕು. ಆ ಶಿಲೆಯ ಒಡಲಿನ ತವರದ ಅದಿರು ತೊರೆಗಳ ಮರಳಿನಲ್ಲಿ ದೊರೆಯುತ್ತಿದ್ದಿತು. 1305ರಲ್ಲಿ ಒಂದನೆಯ ಎಡ್ವರ್ಡ್ ದೊರೆಯ ಸನ್ನದಿನಿಂದ ಚ್ಯಾಗ್‌ಫರ್ಡ್, ಆಶ್‌ಬರ್ಟನ್, ಟ್ಯಾವಿಸ್ಟಾಕ್‌ಗಳು ತವರದ ಪೇಟೆಗಳೆನಿಸಿದವು. ಕರಗಿಸಿದ ತವರದ ಗಟ್ಟಿಯನ್ನು ಅಲ್ಲಿಗೆ ತಂದು ತೂಗಿಸಿ, ಮೂಲೆಯನ್ನು ಕತ್ತರಿಸಿ ಪರೀಕ್ಷೆಗೊಳಪಡಿಸಿ, ಸುಂಕ ತೆತ್ತು, ಮುದ್ರೆಯೊತ್ತಿಸಿದ ಬಳಿಕವೇ ಮಾರಬೇಕಾಗಿದ್ದಿತು. ಈ ಕ್ರಮಕ್ಕೆ ‘ಕಾಯ್ನೇಜ್’ ಎಂದು ಹೆಸರು. ಮೂಲೆ ಎಂಬರ್ಥದ ಫ್ರೆಂಚ್ ಪದವೇ ಅದಕ್ಕೆ ಮೂಲ. ನಾಣ್ಯವಾಚಕವಾದ ‘ಕಾಯಿನ್’ ಶಬ್ದವೂ ಅದೇ ಮೂಲದ್ದೆಂಬುದು ಭಾಷಾಭ್ಯಾಸಿಗಳಿಗೆ ಸ್ವಾರಸ್ಯಕರವಾದೀತು. 1838ರಲ್ಲಿ ಈ ಸುಂಕವು ರದ್ದಾಯಿತು. ತವರದ ಕಾಲ ಮುಗಿದರೂ ಬೀಳುನೆಲದ ತೊರೆಗಳು ಬತ್ತಲಿಲ್ಲ. ಹರಿಯುವ ನೀರಿನ ಬಲದಿಂದಲೇ 1891ರಲ್ಲಿ ಈ ಪುಟ್ಟ ಊರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು.