ಬಳ್ಳಾರಿ ಜಾಲಿಗೂ ನುಣುಪು: ಮನೆಗೊಂದು ಬೆಲ್ಟ್–ಡಿಸ್ಕ್ ಸ್ಯಾಂಡರ್

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದಲ್ಲಿ ಸುಲಭವಾಗಿ ಕೈಗೆ ಸಿಗುವ ಮರವೆಂದರೆ ಬೇವು, ಕರಿಜಾಲಿ ಮತ್ತು ನಮ್ಮೂರ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ. ಜಾಲಿಗಳೆರಡೂ ಬಲು ಗಟ್ಟಿ. ಬಳ್ಳಾರಿ ಜಾಲಿಯಲ್ಲಂತೂ ಗಂಟು ಜಾಸ್ತಿ, ಎಳೆ ತಿರುಚಿಕೊಂಡಿರುತ್ತದೆ. ಹತ್ತರಿ ಹಾಕಿದರೆ ನುಣುಪಾಗುವ ಬದಲು ಸಿಬಿರು ಕಿತ್ತು ಬರುತ್ತದೆ. ಇಂಥ ಮರವನ್ನು ಉಜ್ಜಿಯೇ ಹದಕ್ಕೆ ತರಬೇಕು. ಗುದ್ದಲಿ ಕಾವು, ಕುಡುಗೋಲಿನ ಹಿಡಿ, ರೊಟ್ಟಿ ಮಣೆ, ಮಕ್ಕಳ ಆಟಿಕೆ ಮಾಡುವವರಿಗೆ ಮೇಜಿನ ಮೇಲೆ ಕೂರುವ ಬೆಲ್ಟ್–ಡಿಸ್ಕ್ ಸ್ಯಾಂಡರ್ ನಿಜಕ್ಕೂ ಕೈಹಿಡಿಯುತ್ತದೆ.

ಇದರಲ್ಲಿ ಒಂದೇ ಮೋಟಾರು ಎರಡು ಕೆಲಸ ಮಾಡುತ್ತದೆ. ಉದ್ದನೆಯ ಬೆಲ್ಟ್ ಮರದ ಮುಖವನ್ನು ಸಪಾಟು ಮಾಡಿದರೆ, ನಿಂತು ತಿರುಗುವ ಡಿಸ್ಕ್ ತುದಿ, ಮೂಲೆ ಮತ್ತು ಹೊರಬಾಗುಗಳನ್ನು ತಿದ್ದುತ್ತದೆ. ಆದರೆ ಯಂತ್ರದ ಬೆಲೆ ವಿಚಾರಿಸುವ ಮೊದಲೇ ತೀರ್ಮಾನವಾಗಬೇಕಾದ ಪ್ರಶ್ನೆ ಒಂದಿದೆ: ಅದು ಎಬ್ಬಿಸುವ ದೂಳು ಎಲ್ಲಿಗೆ ಹೋಗುತ್ತದೆ?

1. ಮೊದಲು ದೂಳಿನ ದಾರಿ

ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲೇ ಮರದ ದೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿಗೆ ಟವೆಲ್ ಸುತ್ತಿಕೊಂಡರೆ ಈ ಸಣ್ಣ ದೂಳು ನಿಲ್ಲುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್‌95 ಮಾಸ್ಕ್ ಬೇಕು. ಯಂತ್ರದ ದೂಳುಕೊಳವೆಗೆ ವ್ಯಾಕ್ಯೂಮ್ ಜೋಡಿಸಿ. ಅಡುಗೆಮನೆ, ಮಲಗುವ ಕೋಣೆಯ ಪಕ್ಕ ಯಂತ್ರ ಇಡಬೇಡಿ. ಹಳ್ಳಿಯ ಮಾಳಿಗೆ ಮನೆಯಾದರೆ ಒಳಗಿನ ಪಡಸಾಲೆಗಿಂತ ಹಿತ್ತಲ ಚಪ್ಪರ ಒಳ್ಳೆಯದು. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬಂದು ದೂಳನ್ನು ಮುಂದಕ್ಕೆ ಒಯ್ಯುವಂತೆ ಮೇಜು ತಿರುಗಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

2. ಕರೆಂಟ್ ವ್ಯವಸ್ಥೆ

ಮನೆಗೆಲಸಕ್ಕೆ ಅರ್ಧ ಎಚ್‌ಪಿ, ಅಂದರೆ ಸುಮಾರು 370 ವ್ಯಾಟ್ ಮೋಟಾರು ಸಾಕು. ಗಂಟೆಗೆ ಸುಮಾರು ಅರ್ಧ ಯೂನಿಟ್ ಕರೆಂಟ್ ಎಳೆಯುತ್ತದೆ. ಅರ್ತಿಂಗ್ ಸರಿಯಿರುವ ಮೂರು ಪಿನ್ ಸಾಕೆಟ್ ಮತ್ತು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಕಡ್ಡಾಯ. ಎಕ್ಸ್‌ಟೆನ್ಶನ್ ವೈರ್ ಬೇಕಾದರೆ 1.5 ಚದರ ಮಿ.ಮೀ. ತಾಮ್ರದ್ದೇ ಇರಲಿ. ವೋಲ್ಟೇಜ್ ಇಳಿದಾಗ ಮೋಟಾರು ಗೊಣಗುತ್ತ ಬಿಸಿಯೇರುತ್ತದೆ. ಆಗ ತಕ್ಷಣ ಆಫ್ ಮಾಡಿ.

ಹೋದ ಕರೆಂಟ್ ಮರಳಿದಾಗ ತಾನಾಗಿ ಚಾಲೂ ಆಗದ ಸ್ವಿಚ್ ಇರುವ ಯಂತ್ರವನ್ನೇ ಕೇಳಿ. ಇಲ್ಲದಿದ್ದರೆ ಕರೆಂಟ್ ಹೋದ ಕೂಡಲೇ ಪ್ಲಗ್ ಕಿತ್ತುಬಿಡಬೇಕು.

3. ಅಳತೆ ಮತ್ತು ಮೋಟಾರು

4 ಇಂಚು ಅಗಲ, 36 ಇಂಚು ಸುತ್ತಳತೆಯ ಬೆಲ್ಟ್ ಹಾಗೂ 6 ಇಂಚಿನ ಡಿಸ್ಕ್ ಇರುವ ಮಾದರಿ ಮನೆಗೆ ಹೊಂದುತ್ತದೆ. ಬೆಲ್ಟ್ ಪೊಟ್ಟಣದ ಮೇಲೆ 100×915 ಮಿ.ಮೀ. ಎಂದಿರುತ್ತದೆ. ಚಾಕುವಿನ ಹಿಡಿಯಂಥ ಸಣ್ಣ ಕೆಲಸ ಮಾತ್ರ ಮಾಡುವವರಿಗೆ 1 ಇಂಚಿನ ಬೆಲ್ಟ್ ಸಾಕು.

ಕಾರ್ಬನ್ ಬ್ರಷ್ ಇಲ್ಲದ ಇಂಡಕ್ಷನ್ ಮೋಟಾರನ್ನೇ ಆರಿಸಿ. ಸದ್ದು ಕಡಿಮೆ, ಬಾಳಿಕೆ ಹೆಚ್ಚು. ಸುಟ್ಟರೂ ಸಿರುಗುಪ್ಪ ಕಡೆ ಪಂಪ್‌ಸೆಟ್ ವೈಂಡಿಂಗ್ ಮಾಡುವವರು ರಿಪೇರಿ ಮಾಡಬಲ್ಲರು. ಎಷ್ಟೋ ಸಲ ಕೆಟ್ಟಿರುವುದು ಕೆಪಾಸಿಟರ್ ಮಾತ್ರ.

4. ಕೊಳ್ಳುವಾಗ ಪರೀಕ್ಷೆ

ಬಳ್ಳಾರಿಯ ಹಾರ್ಡ್‌ವೇರ್, ಮಷಿನರಿ ಅಂಗಡಿಗಳಲ್ಲಿ ಮೊದಲು ವಿಚಾರಿಸಿ. ಸಿಗದಿದ್ದರೆ ಅವರಿಂದಲೇ ತರಿಸಿಕೊಳ್ಳಬಹುದು, ಇಲ್ಲವೇ ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಗೆ ಹೋಗಿ ನೋಡಬಹುದು. ಅಂಗಡಿಯಲ್ಲಿ ಗಮನಿಸಬೇಕಾದವು:

• ಹೆಸರುಫಲಕದಲ್ಲಿ 230 ವೋಲ್ಟ್, 50 ಹರ್ಟ್ಸ್ ಎಂದಿರಬೇಕು. ಅಮೆರಿಕದ 120 ವೋಲ್ಟ್ ಯಂತ್ರ ಬೇಡ.
• ಪ್ಲಗ್ ತೆಗೆದು ಡಿಸ್ಕನ್ನು ಕೈಯಲ್ಲಿ ತಿರುಗಿಸಿ. ಅಂಚು ಓಲಾಡಬಾರದು.
• ಬೆಲ್ಟಿನ ಕೆಳಗಿನ ಲೋಹದ ಹಾಸಿನ ಮೇಲೆ ಸ್ಟೀಲ್ ಸ್ಕೇಲನ್ನು ಅಡ್ಡ ನಿಲ್ಲಿಸಿ. ಬೆಳಕು ಇಣುಕಿದರೆ ಹಾಸು ಸಪಾಟಿಲ್ಲ.
• ಐದು ನಿಮಿಷ ಓಡಿಸಿ ನೋಡಿ. ಬೆಲ್ಟ್ ಪಕ್ಕಕ್ಕೆ ಜಾರದೆ ನಡುವೆ ನಿಲ್ಲಬೇಕು.
• ಬದಲಿ ಬೆಲ್ಟ್ ಅದೇ ಅಂಗಡಿಯಲ್ಲಿ ಸಿಗುತ್ತದೆಯೇ ಕೇಳಿ. ಗ್ಯಾರಂಟಿ ಕಾರ್ಡು, ಜಿಎಸ್‌ಟಿ ಬಿಲ್ಲು ಎರಡನ್ನೂ ಪಡೆಯಿರಿ.

5. ಜೋಡಣೆ

ಯಂತ್ರವನ್ನು ಭಾರದ ಮೇಜಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಬೆಲ್ಟಿನ ಬೆನ್ನ ಮೇಲಿನ ಬಾಣದ ಗುರುತು ರೋಲರ್ ತಿರುಗುವ ದಿಕ್ಕಿಗೇ ಇರಬೇಕು. ಚಾಲೂ ಮಾಡಿ, ಬೆಲ್ಟ್ ಅಂಚಿಗೆ ಸರಿದರೆ ಹೊಂದಾಣಿಕೆಯ ತಿರುಪನ್ನು ಚೂರುಚೂರೇ ತಿರುಗಿಸಿ. ಡಿಸ್ಕಿಗೂ ಅದರ ಮುಂದಿನ ಹಲಗೆಗೂ ನಡುವಿನ ಸಂದು ಒಂದೂವರೆ ಮಿ.ಮೀ. ಮೀರಬಾರದು, ಮೀರಿದರೆ ತೆಳುವಾದ ಮರ, ಬೆರಳು ಒಳಗೆ ಸಿಕ್ಕಿಕೊಳ್ಳುತ್ತವೆ. ಮೂಲೆಮಟ್ಟ ಹಿಡಿದು ಹಲಗೆಯನ್ನು 90 ಡಿಗ್ರಿಗೆ ನಿಲ್ಲಿಸಿ.

6. ಕೈ ಹಾಕುವ ಕ್ರಮ

ನಿಮಿಷಕ್ಕೆ 2,850 ಸುತ್ತು ತಿರುಗುವ 6 ಇಂಚಿನ ಡಿಸ್ಕಿನ ಅಂಚು ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ, ನಟ್ಟನಡುವೆ ವೇಗವೇ ಇಲ್ಲ. ಹಾಗಾಗಿ ಅಂಚಿನಲ್ಲಿ ಮರ ಬೇಗ ಸವೆಯುತ್ತದೆ, ಬೇಗ ಸುಡುತ್ತದೆ ಕೂಡ. ಮರವನ್ನು ಒಂದೇ ಕಡೆ ಒತ್ತಿ ಹಿಡಿಯದೆ ಸರಿಸುತ್ತಿರಿ. ಡಿಸ್ಕ್ ಕೆಳಮುಖವಾಗಿ ಇಳಿಯುವ ಬದಿಯಲ್ಲಷ್ಟೇ ಉಜ್ಜಿ, ಇನ್ನೊಂದು ಬದಿ ಮರವನ್ನು ಎತ್ತಿ ಎಸೆಯುತ್ತದೆ.

ಆಕಾರ ಕೊಡಲು 60 ನಂಬರ್, ಆಮೇಲೆ 80, ಕೊನೆಗೆ 120. ಡಿಸ್ಕ್ ಬಿಟ್ಟ ಕಮಾನು ಗೀರುಗಳನ್ನು 180 ನಂಬರ್ ಪೇಪರಿನಿಂದ ಎಳೆಯ ಗುಂಟ ಕೈಯಲ್ಲೇ ಉಜ್ಜಿ ತೆಗೆಯಿರಿ. ಸುರಕ್ಷತಾ ಕನ್ನಡಕ ಹಾಕಿಕೊಳ್ಳಿ. ಕೈಗವಸು, ಹೆಗಲ ಟವೆಲ್, ಜೋಲುವ ಸೆರಗು, ಬಳೆ ಯಾವುದೂ ಬೇಡ.

ಮರ ಉಜ್ಜಿದ ಯಂತ್ರದಲ್ಲೇ ಕಬ್ಬಿಣ ಉಜ್ಜಬೇಡಿ. ಒಂದು ಕಿಡಿ ವ್ಯಾಕ್ಯೂಮ್ ಚೀಲದಲ್ಲಿನ ದೂಳಿಗೆ ಬಿದ್ದರೆ ಒಳಗೊಳಗೇ ಹೊಗೆಯಾಡಿ ಬೆಂಕಿ ಹತ್ತುತ್ತದೆ. ಸಿರುಗುಪ್ಪದ ಭತ್ತದ ಊರುಗಳಲ್ಲಿ ಹಿತ್ತಲಲ್ಲೇ ಹುಲ್ಲಿನ ಬಣವೆ ಇರುತ್ತದೆ ಎಂಬುದನ್ನು ಮರೆಯಬೇಡಿ. ಕುಡುಗೋಲು ಮಸೆಯಲೇಬೇಕೆಂದರೆ ದೂಳನ್ನು ಪೂರ್ತಿ ತೆಗೆದು, ಬೇರೆ ಬೆಲ್ಟ್ ಹಾಕಿ.

7. ಬೆಲ್ಟಿನ ಬಾಳಿಕೆ

ಅಂಟು ತುಂಬಿ ಮಂಕಾದ ಬೆಲ್ಟನ್ನು ಎಸೆಯಬೇಡಿ. ಓಡುವ ಬೆಲ್ಟಿಗೆ ಹಳೆಯ ಕ್ರೇಪ್ ರಬ್ಬರ್ ಸೋಲ್ ಒತ್ತಿದರೆ ಅಂಟು ಬಿಟ್ಟುಬರುತ್ತದೆ. ಬಿಸಿಲು, ತೇವ ಎರಡಕ್ಕೂ ಬೆಲ್ಟಿನ ಜೋಡು ಬಿಚ್ಚಿಕೊಳ್ಳುತ್ತದೆ. ಮಡಚದೆ, ದಪ್ಪನೆಯ ಪೈಪಿಗೆ ತೂಗುಹಾಕಿ ನೆರಳಲ್ಲಿಡಿ. ಕೆಲಸ ನಿಂತ ಮೇಲೆ ಬೆಲ್ಟ್ ಸಡಿಲಿಸಿ.

ಕಸುಬುದಾರರಿಗೆ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಸೇರಿದೆ. ಉಪಕರಣಗಳಿಗೆ 15,000 ರೂಪಾಯಿವರೆಗೆ ಇ–ವೋಚರ್, ಶೇ 5ರ ಬಡ್ಡಿಯಲ್ಲಿ ಮೊದಲ ಹಂತಕ್ಕೆ 1 ಲಕ್ಷ ರೂಪಾಯಿವರೆಗೆ ಸಾಲ ಇದರಲ್ಲಿದೆ. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ನೋಂದಣಿ ಈಗ ತೆರೆದಿದೆಯೇ ಎಂದು ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ.

ಲೆಕ್ಕ ಹಾಕುವಾಗ ಬೆಲ್ಟ್, ಮಾಸ್ಕ್, ಕನ್ನಡಕ, ವೈರಿಂಗ್‌ಗೂ ಹಣ ಎತ್ತಿಡಿ. ಎಲ್ಲಕ್ಕೂ ಒಟ್ಟಿಗೆ ಹೊಂದಿಸಲಾಗದಿದ್ದರೆ ಯಂತ್ರವನ್ನು ಎರಡು ತಿಂಗಳು ಮುಂದೂಡಿ, ಅರ್ತಿಂಗ್ ಮತ್ತು ಮಾಸ್ಕನ್ನು ಮುಂದೂಡಬೇಡಿ.