ವಿಡಿಯೊ ಹಾಕಿ ಕೂರಬೇಡಿ, ಮೇಷ್ಟ್ರೇ

ಇಂಗ್ಲಿಷ್ ಪಾಠಕ್ಕೆ ಇಂಟರ್ನೆಟ್ ಬಳಸಲು ಹೊರಟಿದ್ದೀರಿ, ಒಳ್ಳೆಯದೇ. ಆದರೆ 40 ನಿಮಿಷದ ಪಿರಿಯಡ್ಡಿನಲ್ಲಿ ಅರ್ಧ ಗಂಟೆ ಯೂಟ್ಯೂಬೇ ಪಾಠ ಮಾಡಿದರೆ ಮಕ್ಕಳು ನೋಡುತ್ತಾರೆ, ನಗುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ.

ಎರಡು ನಿಮಿಷದ ತುಣುಕು ಸಾಕು. ಮೊದಲು ಸದ್ದು ನಿಲ್ಲಿಸಿ ತೋರಿಸಿ, ಅದರಲ್ಲಿರುವವರು ಏನು ಮಾತಾಡುತ್ತಿರಬಹುದು ಎಂದು ಮಕ್ಕಳನ್ನು ಕೇಳಿ. ತಪ್ಪೋ ಒಪ್ಪೋ, ಇಂಗ್ಲಿಷಿನಲ್ಲಿ ಹೇಳಲಿ. ಆಮೇಲೆ ಸದ್ದು ಕೊಟ್ಟು, ವೇಗವನ್ನು 0.75ಕ್ಕೆ ಇಳಿಸಿ ಮತ್ತೆ ಕೇಳಿಸಿ. ತಾನಾಗಿ ಮೂಡುವ ಸಬ್‌ಟೈಟಲ್‌ಗಳನ್ನು ನಂಬಿ ಬೋರ್ಡಿನ ಮೇಲೆ ಬರೆಸಬೇಡಿ. ನಮ್ಮ ಊರು, ಹೆಸರುಗಳನ್ನು ಅವು ಏನೇನೋ ಮಾಡಿಬಿಡುತ್ತವೆ.

ನೆಟ್‌ವರ್ಕ್ ನೆಚ್ಚಿಕೊಂಡು ತರಗತಿಗೆ ಹೋಗಬೇಡಿ. ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಸಿಕ್ಕಿದ್ದನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಪೂರ್ತಿ ನೋಡಿಯೂ ಹೋಗಿ, ದಯವಿಟ್ಟು.

ಇನ್ನೊಂದು ಮಾತು. ಕ್ವಿಜ್‌ಗೆಂದು ಪುಟ್ಟ ಮಕ್ಕಳಿಗೆ ಸುಳ್ಳು ವಯಸ್ಸು ಕೊಟ್ಟು ಗೂಗಲ್ ಖಾತೆ ತೆರೆಸಬೇಡಿ. ಗೂಗಲ್ ಫಾರ್ಮ್‌ನಲ್ಲಿ ಲಾಗಿನ್ ಇಲ್ಲದೆಯೇ ಅದನ್ನು ಬರೆಯಿಸಬಹುದು.

ಯಾವ ಗುಂಡಿ ಎಲ್ಲಿದೆಯೋ ತಿಳಿಯದೆ ತಡವರಿಸಿದರೆ ನಾಚಿಕೆಯೇಕೆ? ಎಂಟನೇ ಕ್ಲಾಸಿನ ಹುಡುಗಿಯನ್ನೇ ಕರೆಯಿರಿ, ಇಂಗ್ಲಿಷಿನಲ್ಲೇ ವಿವರಿಸು ಅನ್ನಿ.