ಬಿಸಿಲು ಮತ್ತು ಗಾಳಿ: ಒಂದಕ್ಕೊಂದು ಆಸರೆ



ರೊಬಸ್ಟಾ ಹೂವಿಗೆ ನೀರು ಹಾಯಿಸುವ ವಾರದಲ್ಲಿ ವಿದ್ಯುತ್ ಕೈಕೊಟ್ಟರೆ ಆಗುವ ನಷ್ಟ ನಮಗೆಲ್ಲ ತಿಳಿದದ್ದೇ. ಆದ್ದರಿಂದ ತೋಟದಲ್ಲಿ ಸೌರಫಲಕ ಹಾಕಿಸುವುದೋ, ಗಾಳಿಯಂತ್ರ ನಿಲ್ಲಿಸುವುದೋ ಎಂದು ಹಲವರು ಕೇಳುತ್ತಾರೆ. ಉತ್ತರಕ್ಕೆ ಮೊದಲು ಇವೆರಡರ ಸ್ವಭಾವವನ್ನು ಅರಿಯೋಣ.

ಬಿಸಿಲು ಹಗಲಿನ ಶಕ್ತಿ. ತುಮಕೂರು ಜಿಲ್ಲೆಯ ಪಾವಗಡದ 2050 ಮೆಗಾವಾಟ್ ಸೌರ ಪಾರ್ಕ್ ಕೂಡ ಸೂರ್ಯ ಮುಳುಗಿದೊಡನೆ ಸ್ತಬ್ಧವಾಗುತ್ತದೆ. ಬೇಸಿಗೆಯಲ್ಲಿ ಇದರ ಉತ್ಪಾದನೆ ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಚಿತ್ರದುರ್ಗ, ಗದಗದ ಗಾಳಿಯಂತ್ರಗಳ ರೀತಿಯೇ ಬೇರೆ. ಅವುಗಳ ವಾರ್ಷಿಕ ಉತ್ಪಾದನೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುತ್ತದೆ, ರಾತ್ರಿಯೂ ತಿರುಗುತ್ತವೆ. ಬಿಸಿಲನ್ನು ಮರೆಮಾಡುವ ಮೋಡವನ್ನು ಹೊತ್ತು ತರುವ ಮುಂಗಾರು ಗಾಳಿಯೇ ಅವನ್ನು ತಿರುಗಿಸುತ್ತದೆ.

ಲೆಕ್ಕಕ್ಕೆಂದು ಹೀಗೆ ಭಾವಿಸಿ: ಮಾರ್ಚಿಯಲ್ಲಿ ಬಿಸಿಲಿನಿಂದ 8 ಪಾಲು, ಗಾಳಿಯಿಂದ 3 ಪಾಲು, ಜುಲೈಯಲ್ಲಿ ಬಿಸಿಲಿನಿಂದ 4, ಗಾಳಿಯಿಂದ 8. ಬಿಡಿಯಾಗಿ ನೋಡಿದರೆ ಎರಡರಲ್ಲೂ ಭಾರಿ ಏರಿಳಿತ. ಕೂಡಿಸಿದರೆ 11 ಮತ್ತು 12. ಇದೇ ಸಮತೋಲನದ ಗುಟ್ಟು.

ಆದರೆ ಎರಡೂ ಒಟ್ಟಿಗೆ ಸೊರಗುವ ಹೊತ್ತುಂಟು. ಅಕ್ಟೋಬರ್-ನವೆಂಬರ್ ಸಂಜೆಗಳಲ್ಲಿ ಬಿಸಿಲು ಇಳಿದಿರುತ್ತದೆ, ಮುಂಗಾರು ಗಾಳಿಯೂ ಹಿಂದೆ ಸರಿದಿರುತ್ತದೆ. ಆಗ ಶರಾವತಿಯಂತಹ ಜಲವಿದ್ಯುತ್ ಆಸರೆಯಾಗಬೇಕು. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬಲಿಲ್ಲ. ಅಕ್ಟೋಬರಿನಲ್ಲಿ ರಾಜ್ಯಕ್ಕೆ ವಿದ್ಯುತ್ ಕೊರತೆ ತಟ್ಟಿತು. ಬಿಸಿಲು, ಗಾಳಿ ಇದ್ದಾಗ ಅಣೆಕಟ್ಟಿನ ನೀರನ್ನು ಉಳಿಸಿಕೊಳ್ಳುವುದೂ ಸಮತೋಲನದ ಭಾಗವೇ.

ಇನ್ನು ನಮ್ಮ ತೋಟದ ಮಾತು. ಗಾಳಿಯ ವೇಗ ಅರ್ಧವಾದರೆ ಅದರ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಗುಡ್ಡ, ಮರಗಳು ಗಾಳಿಯನ್ನು ತಡೆಯುವ ಮಲೆನಾಡಿನ ಕಣಿವೆಯಲ್ಲಿ ಗಾಳಿಯಂತ್ರಕ್ಕೆ ಹಣ ಹಾಕುವುದು ತರವಲ್ಲ. ಸೌರಪಂಪು ಹಾಗಲ್ಲ: ಅದು ಚೆನ್ನಾಗಿ ದುಡಿಯುವ ಬೇಸಿಗೆಯಲ್ಲೇ ನಮಗೆ ನೀರು ಬೇಕು, ಅದು ಸೊರಗುವ ಮಳೆಗಾಲದಲ್ಲಿ ಬೇಡ. ಫಲಕಗಳನ್ನು ನೆರಳುಮರಗಳಿಂದ ದೂರ, ಬಯಲಿನಲ್ಲಿ ಇಡಿಸಿ. ಹಗಲೆಲ್ಲ ತೊಟ್ಟಿ ತುಂಬಿಸಿಕೊಳ್ಳಿ. ಸಣ್ಣ ಸೌರಪಂಪು ಅಡಿಕೆಯ ಹನಿ ನೀರಾವರಿಗೆ ಒದಗೀತು. ಕಾಫಿಯ ಸ್ಪ್ರಿಂಕ್ಲರಿಗೆ ಬೇಕಾದ ಒತ್ತಡವನ್ನು ಅದರಿಂದ ನಿರೀಕ್ಷಿಸಬೇಡಿ.

ಬಿಸಿಲನ್ನು ನಮ್ಮ ಅಂಗಳದಲ್ಲೇ ಹಿಡಿಯೋಣ. ಬಯಲುಸೀಮೆಯ ಗಾಳಿ ತಂತಿಯ ಮೂಲಕ ನಮ್ಮಲ್ಲಿಗೆ ಬರಲಿ.